ಅತಿಥಿಯ ವೇಷಧರ್ಮ

ಇನ್ನೊಬ್ಬರ ಮನೆಯ ಮಂಗಳಕಾರ್ಯಕ್ಕೆ ಹೊರಡುವವನು ಏನನ್ನು ಉಡಬೇಕೆಂಬ ಪ್ರಶ್ನೆಯು ಮೇಲುನೋಟಕ್ಕೆ ಅತ್ಯಲ್ಪವಾದುದು. ಅದನ್ನು ದರ್ಜಿಗೂ ಜವಳಿಯಂಗಡಿಯವನಿಗೂ ಬಿಟ್ಟು, ಧರ್ಮವಿಚಾರಕ್ಕೆ ಇದಕ್ಕಿಂತ ಗುರುತರವಾದ ವಿಷಯವನ್ನು ಹುಡುಕಬಾರದೇ ಎಂದು ಕೆಲವರು ಕೇಳಬಹುದು. ಆದರೆ ಸ್ಮೃತಿಕಾರರು ಹಾಗೆ ಎಣಿಸಲಿಲ್ಲ. ವಯಸ್ಸು, ವೃತ್ತಿ, ಸಂಪತ್ತು, ವಿದ್ಯೆ, ಕುಲ ಇವುಗಳಿಗೆ ಅನುರೂಪವಾದ ವೇಷವನ್ನೂ ಮಾತನ್ನೂ ಬುದ್ಧಿಯನ್ನೂ ಇರಿಸಿಕೊಂಡು ಗೃಹಸ್ಥನು ಲೋಕದಲ್ಲಿ ನಡೆದುಕೊಳ್ಳತಕ್ಕದ್ದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ವಿಧಿಸುತ್ತದೆ. ಅಲ್ಲಿ ವೇಷವು ಮಾತಿನ ಪಕ್ಕದಲ್ಲಿಯೇ ಕುಳಿತಿರುವುದನ್ನು ವಾಚಕರು ಗಮನಿಸಬೇಕು. ಮಾತಿನಿಂದ ಸತ್ಯವನ್ನು ನುಡಿಯಬಹುದು, ಸುಳ್ಳನ್ನೂ ನುಡಿಯಬಹುದು; ಪ್ರೀತಿಯನ್ನು ತೋರಬಹುದು, ಅವಮಾನವನ್ನೂ ಮಾಡಬಹುದು. ಉಡುಪಿನಿಂದಲೂ ಇವೆಲ್ಲವೂ ಸಾಧ್ಯ. ಅದು ಬಾಯಿಲ್ಲದ ಮಾತು. ಆದಕಾರಣ ಮಾತಿಗೆ ಧರ್ಮವುಂಟೆಂದು ಒಪ್ಪುವವನು ಉಡುಪಿಗೂ ಧರ್ಮವುಂಟೆಂದು ಒಪ್ಪಲೇಬೇಕಾಗುವುದು.

ಸ್ವಜಾತಿಯವರ ಮದುವೆಗೆ ಹೋಗುವಾಗ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ರೂಢಿಯೇ ಉತ್ತರವನ್ನು ಹೇಳಿಬಿಟ್ಟಿರುತ್ತದೆ. ಅನ್ಯಧರ್ಮದ ನೆರೆಯವರು ಕರೆದಾಗಲೇ ರೂಢಿಯು ಮೌನವಾಗಿ, ವಿಚಾರಕ್ಕೆ ಎಡೆಯಾಗುವುದು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇಂತಹ ಸಂದರ್ಭವು ನಿತ್ಯವೂ ಒದಗುವಂಥದು. ಅಲ್ಲಿಯ ಕೊಂಕಣಿ ಕ್ಯಾಥೊಲಿಕರ ಪೂರ್ವಿಕರಲ್ಲಿ ಬಹುಮಂದಿ 16ರಿಂದ 18ನೆಯ ಶತಮಾನದವರೆಗೆ ಗೋವೆಯ ಕಡೆಯಿಂದ ಬಂದು ನೆಲಸಿದವರು. ತೋಟ, ಗದ್ದೆ, ಅಂಗಡಿ, ಶಾಲೆಗಳಲ್ಲಿ ಹಿಂದುಗಳೊಡನೆ ತಲೆಮಾರುಗಳಿಂದ ಬೆರೆತು ಬಾಳುತ್ತಿರುವವರು. ಅವರ ಮನೆಯ ಮದುವೆಯ ಓಲೆಯು ಬಲಗಡೆಯ ಮನೆಗೆ ಹೋಗುವಂತೆ ಎಡಗಡೆಯ ಮನೆಗೂ ಹೋಗುತ್ತದೆ.

ವಿಚಾರಕ್ಕೆ ಆಧಾರವಾಗಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಮಂಗಳೂರಿನ ಒಂದು ಓಣಿಯಲ್ಲಿ ಪೌರೋಹಿತ್ಯದಿಂದ ಜೀವಿಸಿದ ವೃದ್ಧರಾದ ಭಟ್ಟರೊಬ್ಬರಿದ್ದಾರೆ. ಅವರ ಹಿತ್ತಲಿನ ಗೋಡೆಗೆ ತಾಗಿಯೇ ಒಬ್ಬ ಕ್ಯಾಥೊಲಿಕ್ ಗೃಹಸ್ಥರ ಮನೆ. ಊರಿನ ರೂಢಿಯಂತೆ ಭಟ್ಟರು ಅವರನ್ನು ಪೊರ್ಬುಗಳೆಂದೂ, ಅವರು ಇವರನ್ನು ಭಟ್ರೆಂದೂ ಕರೆಯುವರು. ಭಟ್ಟರು ಒಂದು ಮಳೆಗಾಲದ ನಡುರಾತ್ರಿಯಲ್ಲಿ ಎದೆನೋವಿನಿಂದ ಬಿದ್ದಾಗ, ಮಗನು ದೂರದೂರಿನಲ್ಲಿದ್ದುದರಿಂದ, ಪೊರ್ಬುಗಳೇ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಸಾಗಿಸಿ ಬೆಳಗಾಗುವ ತನಕ ಬಾಗಿಲಲ್ಲಿ ಕುಳಿತಿದ್ದರು. ಈಗ ಅವರ ಹಿರಿಯ ಮಗಳ ಮದುವೆ. ಸಾಯಂಕಾಲ ನಾಲ್ಕು ಗಂಟೆಗೆ ಇಗರ್ಜಿಯಲ್ಲಿ ವಿವಾಹ, ದೀಪ ಹಚ್ಚಿದ ಮೇಲೆ ಸಭಾಭವನದಲ್ಲಿ ಸತ್ಕಾರಕೂಟ. "ಭಟ್ರೇ, ನೀವು ಬಂದರೇನೇ ನಮಗೆ ಸಂತೋಷ" ಎಂದು ಅವರು ಓಲೆಯನ್ನು ಕೈಯಲ್ಲಿ ಕೊಟ್ಟು ಹೋದರು.

ಅಂದಿನಿಂದ ಭಟ್ಟರಿಗೆ ಚಿಂತೆ ಹತ್ತಿತು. ರಜೆಗೆ ಬಂದ ಮಗನು, "ಅಪ್ಪಯ್ಯ, ಅಲ್ಲಿ ಎಲ್ಲರೂ ಸೂಟು ಹಾಕುತ್ತಾರೆ, ನನ್ನ ಸ್ನೇಹಿತನದು ಒಂದು ತಂದುಕೊಡುತ್ತೇನೆ" ಎಂದನು. ಹೆಂಡತಿಯು, "ಈ ಪಂಚೆ, ಶಲ್ಯ, ಹಣೆಯ ಗಂಧ ಇವನ್ನು ಹೊತ್ತುಕೊಂಡು ಹೋದರೆ ಜನ ನೋಡಿ ನಗುವುದಿಲ್ಲವೇ? ಮೈ ಸರಿಯಿಲ್ಲವೆಂದು ಹೇಳಿಬಿಟ್ಟರಾಯಿತು" ಎಂದರು. ಮೂರು ಮಾರ್ಗಗಳು ತೋರಿದವು: ಇದ್ದ ವೇಷದಲ್ಲಿಯೇ ಹೋಗುವುದು, ಅವರ ವೇಷವನ್ನು ತೊಟ್ಟು ಹೋಗುವುದು, ಹೋಗದೆಯೇ ಉಳಿಯುವುದು. ಇವುಗಳಲ್ಲಿ ಯಾವುದು ಧರ್ಮ?

ನಿರ್ಣಯಕ್ಕೆ ಮೊದಲು ಆ ಮದುವೆಯ ಕಾಲಸ್ಥಳಗಳನ್ನು ತಿಳಿದುಕೊಳ್ಳುವುದು ಯುಕ್ತ. ಕ್ಯಾಥೊಲಿಕರಲ್ಲಿ ವಿವಾಹವು ಏಳು ಸಂಸ್ಕಾರಗಳಲ್ಲಿ ಒಂದು. ಸಾಮಾನ್ಯವಾಗಿ ಅದು ಬಲಿಪೂಜೆಯೊಡನೆ ನಡೆಯುತ್ತದೆ. ಮಧ್ಯಾಹ್ನ ಕಳೆದು ಒಂದು ಗಂಟೆಯಾದ ಮೇಲೆ ಬಲಿಪೂಜೆಯನ್ನು ಆರಂಭಿಸಕೂಡದೆಂಬ ನಿಯಮವು 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿದ್ದಿತು. ಪರಮಪ್ರಸಾದವನ್ನು ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದಲೇ ಉಪವಾಸವಿರಬೇಕಾಗಿತ್ತು. ಆದಕಾರಣ ಪೂಜೆಯೊಡನೆ ನಡೆಯುವ ವಿವಾಹವು ಆಗ ಪೂರ್ವಾಹ್ನದ ಕಾರ್ಯವಾಗಿತ್ತು. 1953ರ ಜನವರಿಯಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಉಪವಾಸದ ನಿಯಮವನ್ನು ಸಡಿಲಿಸಿ, ಸಾಯಂಕಾಲದ ಪೂಜೆಗೆ ಅವಕಾಶವೀಯುವ ಅಧಿಕಾರವನ್ನು ಧರ್ಮಾಧ್ಯಕ್ಷರಿಗೆ ಕೊಟ್ಟರು. 1964ರಲ್ಲಿ ಉಪವಾಸದ ಅವಧಿ ಒಂದು ಗಂಟೆಗೆ ಇಳಿಯಿತು. ಹೀಗೆ ಇಂದು ಅನಾದಿಯೆಂಬಂತೆ ಕಾಣುವ ಸಾಯಂಕಾಲದ ಮದುವೆಯು ವಾಸ್ತವದಲ್ಲಿ ಒಂದು ಮನುಷ್ಯಾಯುಷ್ಯಕ್ಕಿಂತ ಹಳೆಯದಲ್ಲ.

ಈ ಮಾರ್ಪಾಡಿನಿಂದ ಅತಿಥಿಗೆ ಒಂದು ತೊಡಕು ಉಂಟಾಯಿತು. ಪೂಜೆಗೂ ಕೂಟಕ್ಕೂ ನಡುವೆ ಮನೆಗೆ ಹೋಗಿ ಉಡುಪನ್ನು ಬದಲಿಸುವಷ್ಟು ಹೊತ್ತು ಎಲ್ಲರಿಗೂ ದೊರೆಯುವುದಿಲ್ಲ. ದೇವಾಲಯವು ವಿನಯವನ್ನು ಕೇಳುತ್ತದೆ. ದೀಪ, ವಾದ್ಯ, ನರ್ತನಗಳ ಭವನವು ವೈಭವವನ್ನು ಕರೆಯುತ್ತದೆ. ಒಂದೇ ಉಡುಪು ಎರಡು ಪ್ರಭುಗಳ ಸೇವೆ ಮಾಡಬೇಕಾಗಿದೆ.

ಇನ್ನು ಪೂರ್ವಪಕ್ಷವನ್ನು ಕೇಳೋಣವಾಗಲಿ. ಮೊದಲನೆಯ ವಾದಿಯು ಹೇಳುವುದೇನೆಂದರೆ: ವೇಷವು ಸ್ವಧರ್ಮದ ಅಂಗ, ಅದನ್ನು ಪರರ ಕಣ್ಣಿಗಾಗಿ ಬದಲಿಸುವವನು ತನ್ನನ್ನೇ ಮಾರಿಕೊಂಡಂತೆ. ಪರಮೇಶ್ವರನು ಹಿಮವಂತನ ಮನೆಗೆ ವರನಾಗಿ ಹೊರಟಾಗಲೂ ಅನ್ಯರ ಅಲಂಕಾರವನ್ನು ತೊಡಲಿಲ್ಲ. ಮಾತೃಕೆಯರು ತಂದ ಆಭರಣಗಳನ್ನು ಗೌರವಕ್ಕಾಗಿ ಕೈಯಿಂದ ಮುಟ್ಟಿದನೇ ಹೊರತು ಧರಿಸಲಿಲ್ಲವೆಂದೂ, ಅವನ ಭಸ್ಮವೇ ಅಂಗರಾಗವಾಗಿ, ಗಜಚರ್ಮವೇ ದುಕೂಲವಾಗಿ, ಸರ್ಪಗಳೇ ಒಡವೆಗಳಾಗಿ ಮಾರ್ಪಟ್ಟವೆಂದೂ ಕುಮಾರಸಂಭವದ ಏಳನೆಯ ಸರ್ಗದಲ್ಲಿ ಕಾಳಿದಾಸನು ವರ್ಣಿಸಿದ್ದಾನೆ. ಗಾಂಧೀಜಿಯವರು 1931ರಲ್ಲಿ ಲಂಡನಿನ ಅರಮನೆಗೆ ಚಕ್ರವರ್ತಿಯ ಅತಿಥಿಯಾಗಿ ಹೋದಾಗಲೂ ತುಂಡುಪಂಚೆ ಮತ್ತು ಹೊದಿಕೆಯನ್ನೇ ಧರಿಸಿದ್ದರು. ಹೀಗಿರುವಲ್ಲಿ ಭಟ್ಟರು ಬರಿಮೈಯ ಮೇಲೆ ಶಲ್ಯವನ್ನು ಹಾಕಿಕೊಂಡು ಹೋದರೆ ಅದರಲ್ಲಿ ತಪ್ಪೇನು?

ಎರಡನೆಯ ವಾದಿಯು ಇದಕ್ಕೆ ವಿರುದ್ಧವಾಗಿ ನುಡಿಯುವನು: ಅತಿಥಿಯು ಆತಿಥೇಯನ ಮನೆಯಲ್ಲಿ ಅವನ ರೀತಿಯನ್ನೇ ಅನುಸರಿಸಬೇಕು. ಶನಿವಾರದ ಉಪವಾಸವನ್ನು ಕುರಿತು ಆಗಸ್ಟೀನನು ವಿಚಾರಿಸಿದಾಗ, ಮಿಲಾನಿನ ಧರ್ಮಾಧ್ಯಕ್ಷನಾದ ಆಂಬ್ರೋಸನು ತಾನು ರೋಮಿನಲ್ಲಿರುವಾಗ ಅಲ್ಲಿಯವರಂತೆ ಉಪವಾಸ ಮಾಡುವುದಾಗಿಯೂ ಮಿಲಾನಿನಲ್ಲಿರುವಾಗ ಮಾಡುವುದಿಲ್ಲವೆಂದೂ ತಿಳಿಸಿದನು. ಸ್ಮೃತಿಗಳಲ್ಲಿ ಹೇಳುವ ದೇಶಾಚಾರವೆಂಬುದು ಇದೇ ಅಲ್ಲವೇ? ಇಟಲಿಯ ಶ್ರೀಮಂತ ಕುಲದಲ್ಲಿ ಹುಟ್ಟಿದ ರೋಬರ್ತೊ ದೆ ನೋಬಿಲಿಯು 1606ರಲ್ಲಿ ಮಧುರೆಗೆ ಬಂದು, ತನ್ನ ಕರಿಯ ನಿಲುವಂಗಿಯನ್ನು ಬಿಟ್ಟು, ಕಾವಿಯನ್ನುಟ್ಟು, ಮಾಂಸವನ್ನು ತೊರೆದು, ಸಂಸ್ಕೃತವನ್ನು ಕಲಿತನು. ಅವನ ಸಂಗಡಿಗರಲ್ಲಿ ಕೆಲವರು ಇದನ್ನು ಧರ್ಮಭ್ರಷ್ಟತೆಯೆಂದು ದೂರಿದರೂ, ಯಜ್ಞೋಪವೀತ, ಶಿಖೆ, ಗಂಧಲೇಪನ ಮುಂತಾದ ಚಿಹ್ನೆಗಳನ್ನು ಆ ನಾಡಿನ ಕ್ರೈಸ್ತರು ಇಟ್ಟುಕೊಳ್ಳಬಹುದೆಂದು 1623ರಲ್ಲಿ ರೋಮಿನ ಪೀಠವೇ ಅನುಮತಿಯನ್ನಿತ್ತಿತು. ಪಾದ್ರಿಯೊಬ್ಬನು ಕಾವಿಯನ್ನು ಉಡಬಹುದಾದರೆ ಭಟ್ಟರೊಬ್ಬರು ಸೂಟನ್ನು ತೊಡಬಾರದೇಕೆ?

ಎರಡು ವಾದಗಳಲ್ಲಿಯೂ ಬಲವಿದೆ, ಎರಡರಲ್ಲಿಯೂ ಕುಂದಿದೆ. ಮೊದಲನೆಯದನ್ನು ಪರೀಕ್ಷಿಸಿದರೆ, ಪರಶಿವನು ಅಲ್ಲಿ ವರನಾಗಿದ್ದನು, ಅತಿಥಿಯಾಗಿರಲಿಲ್ಲ. ಮದುವೆಯ ಮನೆಯಲ್ಲಿ ಜನರ ಕಣ್ಣೆಲ್ಲ ತನ್ನ ಮೇಲಿರುವುದು ವರನಿಗೆ ತಕ್ಕುದು. ಅತಿಥಿಗೆ ಅದು ಕಳವಿನ ಮಾಲು. ಗಾಂಧೀಜಿಯವರು ಆ ಅರಮನೆಗೆ ಒಂದು ದೇಶದ ಬಡತನವನ್ನು ಸಾರುವುದಕ್ಕಾಗಿಯೂ ಹೋಗಿದ್ದರು. ಅವರ ಉಡುಪು ಒಂದು ವಾದವಾಗಿತ್ತು. ಮದುವೆಗೆ ಹೋಗುವವನು ಯಾವ ವಾದವನ್ನೂ ಹೂಡಲು ಹೋಗುವುದಿಲ್ಲ. ಅಲ್ಲಿ ತನ್ನ ಆಚಾರದ ಉತ್ಕರ್ಷವನ್ನು ಬರಿಮೈಯಿಂದ ಪ್ರದರ್ಶಿಸುವುದು, ನೆರೆಯವನ ಮಗಳ ಮದುವೆಯನ್ನು ತನ್ನ ಶಾಸ್ತ್ರಾರ್ಥದ ವೇದಿಕೆಯಾಗಿ ಮಾಡಿಕೊಂಡಂತೆ ಆಗುವುದು. ಹೆಗಲನ್ನು ಮುಚ್ಚಿಕೊಳ್ಳುವುದು ಆ ದೇವಾಲಯದ ಮರ್ಯಾದೆಯೆಂದು ತಿಳಿದ ಮೇಲೆಯೂ ಮುಚ್ಚಿಕೊಳ್ಳದಿರುವುದು ನಿಷ್ಠೆಯಲ್ಲ, ಹಟ.

ಎರಡನೆಯ ವಾದದ ಕುಂದು ಬೇರೆ ಬಗೆಯದು. ದೆ ನೋಬಿಲಿಯು ಒಂದು ಸಂಜೆಗಾಗಿ ಕಾವಿಯನ್ನು ಉಡಲಿಲ್ಲ. ಆ ಉಡುಪಿನ ಹಿಂದಿನ ಭಾಷೆ, ಆಹಾರ, ನಿಯಮಗಳನ್ನೂ ವರ್ಷಗಟ್ಟಲೆ ತನ್ನವನ್ನಾಗಿ ಮಾಡಿಕೊಂಡನು. ಹೀಗಿದ್ದರೂ ಅದು ವೇಷಾಂತರವೇ ಅಲ್ಲವೇ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಇನ್ನು ಎರವಲಿನ ಸೂಟಿನಲ್ಲಿ ಕೊರಳು ಬಿಗಿದು, ತೋಳು ಇಳಿಬಿದ್ದು, ಬೆವರುತ್ತ ಕುಳಿತ ಮುದುಕನು ಯಾರಿಗೆ ಯಾವ ಗೌರವವನ್ನು ತೋರಿದಂತಾಯಿತು? ಅನ್ಯರು ಧರಿಸಿದ ಪಾದರಕ್ಷೆಯನ್ನೂ ವಸ್ತ್ರವನ್ನೂ ಧರಿಸಬಾರದೆಂದು ಮನುವು ಅದೇ ನಾಲ್ಕನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಅದಕ್ಕೆ ಶೌಚವೊಂದೇ ಕಾರಣವೆಂದು ತಿಳಿಯಬೇಕಾಗಿಲ್ಲ. ಎರವಲಿನ ವಸ್ತ್ರವು ಎರವಲಿನ ಮಾತಿನಂತೆ, ಅದರಲ್ಲಿ ಆಡುವವನ ಪ್ರಾಣವಿರುವುದಿಲ್ಲ.

ಸುಳ್ಳು ವೇಷದ ಅತಿಥಿಗಳ ಕಥೆಯೊಂದು ಮಹಾಭಾರತದ ಸಭಾಪರ್ವದಲ್ಲಿದೆ. ಕೃಷ್ಣ, ಭೀಮ, ಅರ್ಜುನರು ಸ್ನಾತಕರ ವೇಷದಲ್ಲಿ ಜರಾಸಂಧನ ಅರಮನೆಯನ್ನು ಹೊಕ್ಕರು. ಅವನು ಅವರನ್ನು ಅತಿಥಿಗಳೆಂದು ಸತ್ಕರಿಸಲು ಮುಂದಾದರೂ, ಸ್ನಾತಕರಿಗೆ ಸಲ್ಲದ ಹೂಮಾಲೆಯನ್ನೂ ತೋಳುಗಳ ಮೇಲಿನ ಬಿಲ್ಲಿನ ಹೆದೆಯ ಗುರುತನ್ನೂ ಕಂಡು, ನೀವು ಯಾರೆಂದು ಪ್ರಶ್ನಿಸಿದನು. ಅವರು ಬಂದುದು ಅವನ ವಧೆಗಾಗಿ. ಆದಕಾರಣ ಅವನ ಪೂಜೆಯನ್ನು ಸ್ವೀಕರಿಸಲಿಲ್ಲ. ಕಥೆಯ ನ್ಯಾಯಾನ್ಯಾಯವು ಹೇಗೇ ಇರಲಿ, ಒಂದು ತತ್ತ್ವವಂತೂ ಸ್ಪಷ್ಟ: ತಾನಲ್ಲದವನಂತೆ ವೇಷ ತೊಟ್ಟು ಬಂದವನು ಸ್ನೇಹಿತನಾಗಿ ಬಂದವನಲ್ಲ. ಆತಿಥೇಯನು ಕರೆದದ್ದು ಭಟ್ಟರನ್ನು. ಸೂಟು ತೊಟ್ಟ ಯಾರೋ ಒಬ್ಬರನ್ನಲ್ಲ.

ಇದಲ್ಲದೆ, ಪರರಿಗಾಗಿ ಉಡುಪನ್ನು ಬದಲಿಸುವ ನೋವು ಏನೆಂಬುದು ಆ ಆತಿಥೇಯರ ಸಮಾಜಕ್ಕೆ ತಿಳಿಯದುದಲ್ಲ. 1736ರಲ್ಲಿ ಗೋವೆಯ ಧರ್ಮವಿಚಾರಣೆಯ ಪೀಠವು ಹೊರಡಿಸಿದ ಆಜ್ಞೆಯು ದೇಶೀಯ ಕ್ರೈಸ್ತರ ಮದುವೆಯ ಅನೇಕ ಆಚಾರಗಳನ್ನೂ, ಗಂಡಸರು ಪಂಚೆಯುಡುವುದನ್ನೂ, ಹೆಂಗಸರು ಕುಪ್ಪಸ ತೊಡುವುದನ್ನೂ ನಿಷೇಧಿಸಿತು. ಆದರೂ ಕನ್ನಡ ಜಿಲ್ಲೆಯ ಕ್ಯಾಥೊಲಿಕರಲ್ಲಿ ಸೀರೆಯು ಉಳಿಯಿತು, ಮದುವಣಗಿತ್ತಿಯ ಕೊರಳಿನ ಕರಿಮಣಿಯು ಉಳಿಯಿತು, ಮದುವೆಯ ಮುನ್ನಾದಿನ ತೆಂಗಿನಹಾಲನ್ನೂ ಎಣ್ಣೆಯನ್ನೂ ಹಚ್ಚಿ ಮೀಯಿಸುವ 'ರೋಸ್' ಎಂಬ ಶಾಸ್ತ್ರವು ಉಳಿಯಿತು. ವಧುವು ಇಗರ್ಜಿಗೆ ಬಿಳಿಯನ್ನು ಉಟ್ಟರೂ ವರನ ಕಡೆಯವರು ಕೊಡುವ 'ಸಾಡೊ' ಎಂಬ ಕೆಂಪು ರೇಶ್ಮೆಯ ಸೀರೆಯ ಸಂಪ್ರದಾಯವು ಬಿಟ್ಟುಹೋಗಲಿಲ್ಲ. ಆಜ್ಞೆಯಿಂದ ಬದಲಾದ ಉಡುಪು ಗೌರವವಾಗುವುದಿಲ್ಲ, ಕೇವಲ ವಿಧೇಯತೆಯಾಗುವುದು. ಇದನ್ನು ಅನುಭವದಿಂದ ಬಲ್ಲವರು ತಮ್ಮ ನೆರೆಯವನಿಂದ ವೇಷಾಂತರವನ್ನು ಬಯಸಲಾರರು.

ಇಲ್ಲಿ ಬಣ್ಣಗಳ ವಿಷಯವಾಗಿ ಒಂದು ಮಾತು ಅವಶ್ಯ. ಹಿಂದುವಿನ ಕಣ್ಣಿಗೆ ಮದುವಣಗಿತ್ತಿಯ ಮೇಲಿನ ಬಿಳಿಯು ವೈಧವ್ಯವನ್ನು ನೆನಪಿಗೆ ತರುತ್ತದೆ. ಮದುಮಗನ ಕರಿಯ ಸೂಟು ಅಮಂಗಳವೆಂದು ತೋರುತ್ತದೆ. ಕ್ಯಾಥೊಲಿಕರಿಗೆ ಬಿಳಿಯು ಜ್ಞಾನಸ್ನಾನದ ವಸ್ತ್ರ, ಹಬ್ಬದ ಪೂಜೆಯ ವಸ್ತ್ರ. ಕಪ್ಪು ಶೋಕಕ್ಕೂ ಸಲ್ಲುತ್ತದೆ, ಗಂಭೀರವಾದ ಸಂಭ್ರಮಕ್ಕೂ ಸಲ್ಲುತ್ತದೆ. ಯೂರೋಪಿನಲ್ಲಿಯೂ ವಧುವಿಗೆ ಬಿಳಿಯೇ ಎಂಬ ನಿರ್ಬಂಧವು ಪ್ರಾಚೀನವಲ್ಲ; 1840ರಲ್ಲಿ ವಿಕ್ಟೋರಿಯಾ ರಾಣಿಯು ತನ್ನ ವಿವಾಹಕ್ಕೆ ಬಿಳಿಯನ್ನು ಉಟ್ಟ ತರುವಾಯ ಅದು ಬಲವಾಗಿ ಹರಡಿತು. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸ್ವಾಭಾವಿಕವೆಂದು ಮೀಮಾಂಸಕರೂ ಸಂಕೇತದಿಂದಾದುದೆಂದು ನೈಯಾಯಿಕರೂ ವಾದಿಸುತ್ತಾರೆ. ಶಬ್ದದ ವಿಷಯದಲ್ಲಿ ಯಾರು ಗೆದ್ದರೂ, ಬಣ್ಣದ ವಿಷಯದಲ್ಲಿ ನೈಯಾಯಿಕರೇ ಗೆಲ್ಲಬೇಕಾಗಿದೆ. ಕಪ್ಪು ಸ್ವಭಾವದಿಂದಲೇ ಅಮಂಗಳವಾಗಿದ್ದರೆ ಸುಮಂಗಲಿಯ ಕೊರಳಿನಲ್ಲಿ ಕರಿಮಣಿಗೆ ಎಡೆಯೆಲ್ಲಿ?

ಸಂಕೇತವೆಂದು ತಿಳಿದ ಮೇಲೆ ಅತಿಥಿಯ ಕರ್ತವ್ಯವು ಸುಲಭವಾಗುವುದು. ತಾನು ಆಡುವ ಮಾತು ಕೇಳುವವನ ಭಾಷೆಯಲ್ಲಿ ಏನಾಗುವುದೆಂದು ವಿಚಾರಿಸಿ ಆಡಬೇಕು. ಸ್ತ್ರೀಯರು ಅಡಿಯಿಂದ ಮುಡಿಯವರೆಗೆ ಬಿಳಿಯನ್ನು ಉಡದಿರುವುದು ಮೇಲು, ಏಕೆಂದರೆ ಆ ಸಂಜೆ ಅದು ವಧುವಿನ ಬಣ್ಣ. ಸಾಡೊವಿನಂತೆ ತೋರುವ ಕಡುಗೆಂಪು ರೇಶ್ಮೆಯನ್ನು ಬಿಡುವುದೂ ಅದೇ ಕಾರಣದಿಂದ ಒಳ್ಳೆಯದು. ಗಂಡಸರ ಬಿಳಿಯ ಪಂಚೆಗೆ ಈ ದೋಷವಿಲ್ಲ. ಅದನ್ನು ಕಂಡು ಯಾರೂ ವಧುವೆಂದು ಭ್ರಮಿಸುವುದಿಲ್ಲ.

ದೇವಾಲಯದ ನಿಯಮಗಳು ಕೆಲವೇ. ಗಂಡಸರು ತಲೆಯನ್ನು ತೆರೆದಿರಬೇಕೆಂದೂ ಹೆಂಗಸರು ಮುಚ್ಚಿಕೊಳ್ಳಬೇಕೆಂದೂ 1917ರ ಸಂಹಿತೆಯು ವಿಧಿಸಿತ್ತು. ಆದರೆ ಗಂಡಸರ ವಿಷಯದಲ್ಲಿ, ಜನಾಂಗಗಳ ಮಾನ್ಯವಾದ ರೂಢಿಯು ಬೇರೆಯಾಗಿರುವಲ್ಲಿ ಈ ನಿಯಮವು ಅನ್ವಯಿಸದೆಂಬ ಅಪವಾದವನ್ನೂ ಅದೇ ವಾಕ್ಯದಲ್ಲಿ ಇಟ್ಟಿತ್ತು. ಹೀಗೆ ರುಮಾಲಿನವರಿಗೂ ಅಲ್ಲಿ ಸ್ಥಳವಿತ್ತು. 1983ರ ಹೊಸ ಸಂಹಿತೆಯಲ್ಲಿ ತಲೆಯ ಮೇಲಿನ ವಸ್ತ್ರದ ವಿಧಿಯೇ ಇಲ್ಲ. ಉಳಿದಿರುವುದು ಸಾಮಾನ್ಯವಾದ ಮರ್ಯಾದೆ: ಹೆಗಲು, ಎದೆ, ಮೊಣಕಾಲು ಮುಚ್ಚಿರಬೇಕು, ಉಡುಪು ಶುಚಿಯಾಗಿರಬೇಕು, ಸದ್ದು ಮಾಡುವ ಒಡವೆಗಳೂ ಘಾಟಾದ ಅತ್ತರೂ ಪೂಜೆಗೆ ಕುಳಿತವರ ಮನಸ್ಸನ್ನು ಎಳೆಯಬಾರದು. ಈ ವಿಷಯದಲ್ಲಿ ಸೀರೆಯಷ್ಟು ಉಪಕಾರಿಯಾದ ವಸ್ತ್ರವು ಇನ್ನೊಂದಿಲ್ಲ. ಇಗರ್ಜಿಯಲ್ಲಿ ಸೆರಗನ್ನು ಹೆಗಲ ಸುತ್ತ ಹೊದೆದರೆ ವಿನಯ, ಭವನದಲ್ಲಿ ಜರಿಯ ಸೆರಗನ್ನು ಇಳಿಬಿಟ್ಟರೆ ವೈಭವ. ಎರಡು ಪ್ರಭುಗಳ ಸೇವೆಯು ಅದೊಂದರಿಂದಲೇ ನಡೆದುಹೋಗುವುದು. ಗೌನು ಮುಂತಾದುವನ್ನು ತೊಡುವ ತರುಣಿಯರಿಗೆ ಒಂದು ತೆಳುವಾದ ಮೇಲುವಸ್ತ್ರವು ಇದೇ ಕೆಲಸವನ್ನು ಮಾಡುತ್ತದೆ.

ಆದರೆ ಇಂತಹ ವಿಧಿಗಳನ್ನು ಹೇಳುವವರು ಬಹುಮಟ್ಟಿಗೆ ಸ್ತ್ರೀಯರನ್ನೇ ನೋಡಿ ಹೇಳುವುದುಂಟು. ಅದು ಪಕ್ಷಪಾತ. ಸ್ತ್ರೀಯನ್ನು ಕಾಮದಿಂದ ನೋಡಿದವನು ಮನಸ್ಸಿನಲ್ಲಿಯೇ ಪಾಪವನ್ನು ಮಾಡಿದನೆಂದು ಯೇಸುವು ಬೆಟ್ಟದ ಮೇಲಿನ ಉಪದೇಶದಲ್ಲಿ ನೋಡುವವನ ಮೇಲೆಯೇ ಹೊರೆಯನ್ನು ಹೊರಿಸಿದ್ದಾನೆ. ಉಡುವವರಿಗೆ ಒಂದು ಮರ್ಯಾದೆಯಿದ್ದರೆ ನೋಡುವವರಿಗೆ ಎರಡಿದೆ: ತನ್ನ ಕಣ್ಣನ್ನು ಹಿಡಿತದಲ್ಲಿಡುವುದು, ಇನ್ನೊಬ್ಬರ ಉಡುಪನ್ನು ಅಳೆಯದಿರುವುದು. ಪೂಜೆಯ ಹೊತ್ತಿನಲ್ಲಿ ಮುಂದಿನ ಸಾಲಿನವಳ ತೋಳಿನ ಉದ್ದವನ್ನು ಲೆಕ್ಕ ಹಾಕುತ್ತ ಕುಳಿತವನಿಗಿಂತ, ಅರಿಯದೆ ತೋಳಿಲ್ಲದ ರವಿಕೆಯನ್ನು ತೊಟ್ಟು ಬಂದು ಭಕ್ತಿಯಿಂದ ಕೈಮುಗಿದವಳು ಮೇಲು.

ಇನ್ನು ಹೋಗದಿರುವುದೆಂಬ ಮೂರನೆಯ ಮಾರ್ಗವನ್ನು ವಿಚಾರಿಸಬೇಕು. ಇದೇ ಎಲ್ಲಕ್ಕಿಂತ ಸುಲಭವಾದುದು, ಇದೇ ಎಲ್ಲಕ್ಕಿಂತ ಹೆಚ್ಚು ಜನರು ಹಿಡಿಯುವುದು. ಮತ್ತಾಯನ ಶುಭಸಂದೇಶದ 22ನೆಯ ಅಧ್ಯಾಯದಲ್ಲಿ ಮದುವೆಯ ಔತಣದ ಸಾಮತಿಯೊಂದಿದೆ. ರಾಜನೊಬ್ಬನು ಮಗನ ಮದುವೆಗೆ ಕರೆದವರು ಬರಲಿಲ್ಲ. ಒಬ್ಬನು ಹೊಲಕ್ಕೆ ಹೋದನು, ಒಬ್ಬನು ವ್ಯಾಪಾರಕ್ಕೆ ಹೋದನು. ಆಗ ರಾಜನು ಬೀದಿಯಲ್ಲಿ ಸಿಕ್ಕವರನ್ನೆಲ್ಲ ಕರೆತರಿಸಿದನು. ಅವರಲ್ಲಿ ಮದುವೆಯ ಉಡುಪಿಲ್ಲದೆ ಕುಳಿತ ಒಬ್ಬನನ್ನು ಕಂಡು ಹೊರಗೆ ಹಾಕಿಸಿದನು. ಉಡುಪಿನ ಮಾತು ಬಂದಾಗಲೆಲ್ಲ ಜನರು ಈ ಕೊನೆಯ ಭಾಗವನ್ನೇ ನೆನೆಯುವರು. ಆದರೆ ಕಥೆಯಲ್ಲಿ ಮೊದಲು ಅಪರಾಧಿಗಳಾದವರು ಉಡುಪಿಲ್ಲದೆ ಬಂದವರಲ್ಲ, ನೆಪ ಹೇಳಿ ಬಾರದೇ ಹೋದವರು.

ಬೀದಿಯಿಂದ ಕರೆತಂದವನಲ್ಲಿ ಮದುವೆಯ ಉಡುಪು ಎಲ್ಲಿಂದ ಬರಬೇಕೆಂದು ಯಾರಾದರೂ ಕೇಳಬಹುದು. ಈ ಶಂಕೆಗೆ ಆಗಸ್ಟೀನನು ತನ್ನ ಪ್ರವಚನದಲ್ಲಿ ಕೊಟ್ಟ ಸಮಾಧಾನವು ಮನನೀಯವಾಗಿದೆ. ಒಳ್ಳೆಯವರಿಗೂ ಕೆಟ್ಟವರಿಗೂ ಸಾಧಾರಣವಾಗಿ ದೊರೆಯುವ ಯಾವುದೂ ಆ ಉಡುಪಲ್ಲ; ಜ್ಞಾನಸ್ನಾನವಲ್ಲ, ಉಪವಾಸವಲ್ಲ, ದೇವಾಲಯಕ್ಕೆ ಬರುವುದೂ ಅಲ್ಲ; ಶುದ್ಧಹೃದಯದಿಂದ ಹುಟ್ಟಿದ ಪ್ರೀತಿಯೇ ಆ ಉಡುಪೆಂದು ಅವನು ನಿರ್ಣಯಿಸಿದನು. ಅದು ಬೀದಿಯವನಲ್ಲಿಯೂ ಇರಬಹುದು, ರೇಶ್ಮೆಯವನಲ್ಲಿ ಇಲ್ಲದಿರಬಹುದು.

ಈ ವ್ಯಾಖ್ಯಾನವು ಆತಿಥೇಯನಿಗೂ ಒಂದು ಹೊಣೆಯನ್ನು ಹೊರಿಸುತ್ತದೆ. ಅದೇ ಮದುವೆಗೆ, ಆ ಮನೆಯಲ್ಲಿ ಇಪ್ಪತ್ತು ವರ್ಷ ಪಾತ್ರೆ ತೊಳೆದ ಹೆಂಗಸಿಗೂ ಕರೆಯೋಲೆ ಹೋಗಿರುತ್ತದೆ. ಅವಳು ವಧುವನ್ನು ಎತ್ತಿ ಆಡಿಸಿದವಳು. ಆದರೆ ಉಡಲು ಒಳ್ಳೆಯ ಸೀರೆಯಿಲ್ಲವೆಂದು ಅವಳು ಬರುವುದಿಲ್ಲ. ಬಂದರೂ ಭವನದ ಹಿಂಬಾಗಿಲಿನ ಬಳಿ ನಿಂತು ನೋಡಿ ಹೋಗುವಳು. ಚಿನ್ನದ ಉಂಗುರವನ್ನೂ ಶೋಭಾಯಮಾನವಾದ ವಸ್ತ್ರವನ್ನೂ ಧರಿಸಿದವನಿಗೆ ಒಳ್ಳೆಯ ಆಸನವನ್ನಿತ್ತು, ಕೊಳೆಯ ಬಟ್ಟೆಯ ಬಡವನಿಗೆ ಅಲ್ಲಿಯೇ ನಿಲ್ಲೆನ್ನುವ ಸಭೆಯನ್ನು ಯಕೋಬನ ಪತ್ರಿಕೆಯ ಎರಡನೆಯ ಅಧ್ಯಾಯವು ಖಂಡಿಸುತ್ತದೆ. ಹರಿದ ಬಟ್ಟೆಯ ಕುಚೇಲನನ್ನು ಕಂಡು ಕೃಷ್ಣನು ಮಂಚದಿಂದಿಳಿದು ಬಂದು ಅಪ್ಪಿಕೊಂಡುದನ್ನು ಭಾಗವತದ ದಶಮ ಸ್ಕಂಧವು ಹೇಳುತ್ತದೆ. ಎರಡು ಧರ್ಮಗಳ ಗ್ರಂಥಗಳೂ ಇಲ್ಲಿ ಒಂದೇ ಮಾತನ್ನು ಆಡುತ್ತವೆ. ಅತಿಥಿಯ ಉಡುಪಿನ ಕೊರತೆಯನ್ನು ತನ್ನ ಆದರದಿಂದ ಮುಚ್ಚುವುದು ಆತಿಥೇಯನ ಧರ್ಮ. ಉಳ್ಳವರು ಅತಿಯಾದ ಆಡಂಬರವನ್ನು ತ್ಯಜಿಸುವುದೂ ಈ ಧರ್ಮದ ಅಂಗವೇ. ಏಕೆಂದರೆ ಒಬ್ಬನ ಜರಿಯ ಹೊಳಪು ಇನ್ನೊಬ್ಬನ ನೂಲಿನ ಬಟ್ಟೆಯನ್ನು ಮಂಕಾಗಿಸುತ್ತದೆ.

ಇಷ್ಟರಿಂದ ನಿರ್ಣಯವು ಸಿದ್ಧವಾಯಿತು. ಅತಿಥಿಯ ಉಡುಪು ಹೇಳಬೇಕಾದ ಮಾತು ಒಂದೇ: ನಿಮ್ಮ ಸಂತೋಷಕ್ಕಾಗಿ ಬಂದಿದ್ದೇನೆ ಎಂಬುದು. ಆ ಮಾತು ಸತ್ಯವಾಗಬೇಕಾದರೆ ಉಡುಪು ಅವನದೇ ಆಗಿರಬೇಕು. ಪ್ರಿಯವಾಗಬೇಕಾದರೆ ಆ ಸ್ಥಳದ ಮರ್ಯಾದೆಗೆ ಮಣಿದಿರಬೇಕು. ಹಿತವಾಗಬೇಕಾದರೆ ವಧೂವರರನ್ನು ಮರೆಮಾಡದೆ, ಬಡವರನ್ನು ನಾಚಿಸದೆ ಇರಬೇಕು. ಸೂಟು ಯಾರ ನಿತ್ಯದ ಅಥವಾ ಹಬ್ಬದ ಉಡುಪೋ ಅವರು ಸೂಟನ್ನು ತೊಡಲಿ. ಪಂಚೆಯವರು ಪಂಚೆಯನ್ನು ಉಡಲಿ. ಈ ಮೂರು ಗುಣಗಳು ಕೂಡದಿದ್ದರೂ, ಹೋಗದಿರುವುದಕ್ಕಿಂತ ಕುಂದುಳ್ಳ ಉಡುಪಿನಲ್ಲಿ ಹೋಗುವುದೇ ಮೇಲು.

ಭಟ್ಟರು ಕೊನೆಗೆ ಏನು ಮಾಡಿದರೆಂದು ವಾಚಕರು ಊಹಿಸಬಹುದು. ಅವರು ಸೂಟನ್ನು ಹಿಂದಕ್ಕೆ ಕಳುಹಿಸಿದರು. ಮೈ ಸರಿಯಿಲ್ಲವೆಂಬ ಸುಳ್ಳನ್ನೂ ಹೇಳಲಿಲ್ಲ. ತೊಳೆದ ಪಂಚೆಯನ್ನುಟ್ಟು, ಎಂದೂ ತೊಡದ ಬಿಳಿಯ ತುಂಬುತೋಳಿನ ಅಂಗಿಯನ್ನು ಅಂದು ತೊಟ್ಟು, ಮಗನ ಉಪನಯನದಲ್ಲಿ ಹೊದೆದಿದ್ದ ಜರಿಯಂಚಿನ ಶಲ್ಯವನ್ನು ಅದರ ಮೇಲೆ ಹೊದೆದರು. ಹಣೆಯ ಗಂಧವು ಹಾಗೆಯೇ ಇದ್ದಿತು. ಒಳಗೆ ಎಲ್ಲರೂ ಪಾದರಕ್ಷೆಯೊಡನೆ ಹೋಗುತ್ತಿದ್ದರೂ ತಮ್ಮ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟರು. ಯಾರೂ ಅದನ್ನು ತಪ್ಪೆನ್ನಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು, ಸಭೆಯು ಎದ್ದಾಗ ಎದ್ದರು. ಮೊಣಕಾಲೂರಿದಾಗ ತಲೆಬಾಗಿ ಸುಮ್ಮನೆ ಕುಳಿತರು. ಪರಮಪ್ರಸಾದಕ್ಕೆ ಸಾಲು ಹೊರಟಾಗ ಕುಳಿತಲ್ಲಿಯೇ ಉಳಿದರು. ಉಡುಪು ಹೇಗೆ ತಮ್ಮದೋ ಹಾಗೆಯೇ ನಡತೆಯೂ ತಮ್ಮದಾಗಿದ್ದು ಅವರ ವಿಧಿಗೆ ಅಡ್ಡಿಯಾಗಲಿಲ್ಲ.

ದೀಪಗಳು ಹತ್ತಿದ ಮೇಲೆ ಭವನದಲ್ಲಿ ಅವರು ಒಂದು ಬಾಳೆಯ ಹಣ್ಣನ್ನೂ ನಿಂಬೆಯ ಪಾನಕವನ್ನೂ ಸ್ವೀಕರಿಸಿದರು. ಕೆಂಪು ಸಾಡೊವನ್ನು ಉಟ್ಟ ವಧುವು ಹಿರಿಯರ ಬೆಸಾಂವ್, ಎಂದರೆ ಆಶೀರ್ವಾದ, ಬೇಡುತ್ತ ಸಾಲಾಗಿ ಬಂದವಳು ಇವರ ಮುಂದೆಯೂ ನಿಂತು ತಲೆಬಾಗಿದಳು. ಕೈಯಲ್ಲಿ ಅಕ್ಷತೆಯಿರಲಿಲ್ಲ, ಬರಿಯ ಕೈಯನ್ನೇ ಅವಳ ತಲೆಯ ಮೇಲಿಟ್ಟು, "ನೂರು ಕಾಲ ಬಾಳು, ಮಗಾ" ಎಂದರು. ಆಚೆಯ ಕಂಬದ ಬಳಿ ನಿಂತಿದ್ದ ಪೊರ್ಬುಗಳು ಕಣ್ಣೊರಸಿಕೊಂಡರು. ಆ ಹೊತ್ತಿನಲ್ಲಿ ಭಟ್ಟರು ಏನು ಉಟ್ಟಿದ್ದರೆಂಬುದು ಅವರಿಗೆ ಕಾಣಲಿಲ್ಲ.

ಗಲಿಲಾಯದ ಕಾನಾ ಎಂಬ ಊರಿನ ಮದುವೆಗೆ ಯೇಸುವು ಅತಿಥಿಯಾಗಿ ಹೋಗಿದ್ದನೆಂದು ಯೊವಾನ್ನನ ಶುಭಸಂದೇಶದ ಎರಡನೆಯ ಅಧ್ಯಾಯವು ತಿಳಿಸುತ್ತದೆ. ಅವನು ಅಂದು ಏನನ್ನು ಉಟ್ಟಿದ್ದನೆಂದು ಬರೆದಿಲ್ಲ. ಮನೆಯವರಲ್ಲಿ ದ್ರಾಕ್ಷಾರಸವು ಮುಗಿದುಹೋದುದನ್ನು ಅವನ ತಾಯಿಯು ಕಂಡಳೆಂದೂ, ನೆರೆದವರ ಮುಂದೆ ಅವರಿಗೆ ನಾಚಿಕೆಯಾಗದಂತೆ ಅವನು ಆ ಕೊರತೆಯನ್ನು ತುಂಬಿದನೆಂದೂ ಬರೆದಿದೆ. ಉಡುಪಿನ ವಿಚಾರವೆಲ್ಲ ಮುಗಿದ ಮೇಲೆ ಅತಿಥಿಯು ಕೊಂಡೊಯ್ಯತಕ್ಕದ್ದು ಇದನ್ನೇ: ತನ್ನ ಮೇಲೆ ಬೀಳುವ ಕಣ್ಣುಗಳನ್ನು ಎಣಿಸುವುದನ್ನು ಬಿಟ್ಟು, ಕರೆದವರ ಮನೆಯ ಕುಂದುಕೊರತೆಯನ್ನು ಕಾಣಬಲ್ಲ ಕಣ್ಣು.